ದಿಗ್ವಿಶಿಷ್ಟ ಏರಿಯಲ್ಲೂ ಅನುಪಲಬ್ಧಿಯೂ

ಹವ್ಯಾಸಿ ರೇಡಿಯೋ ಕೇಂದ್ರಗಳ ಸಂಕೇತಗಳನ್ನು ಅಹೋರಾತ್ರಿ ತಾವಾಗಿಯೇ ಆಲಿಸಿ ದಾಖಲೆಮಾಡುವ ಗ್ರಾಹಕಯಂತ್ರಗಳು ಇಂದು ಭೂಮಂಡಲದಲ್ಲೆಲ್ಲಾ ಹರಡಿರುತ್ತವೆ. ಇದಕ್ಕೆ ಬಳಸುವ ಪದ್ಧತಿಗಳಲ್ಲಿ ‘ವಿಸ್ಪರ್’ ಎಂಬುದು ಪ್ರಸಿದ್ಧವಾದುದು. 1993ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲುಪಡೆದ ಅಮೆರಿಕದ ಜೋಸೆಫ್ ಟೇಲರರು ಇದನ್ನು 2008ರಲ್ಲಿ ಹೊರತಂದರು. ಪ್ರೇಷಕನು ತನ್ನ ಸಂಕೇತನಾಮ, ಸ್ಥಾನ, ಶಕ್ತಿ ಎಂಬ ಮೂರನ್ನೇ ಎರಡು ನಿಮಿಷಗಳ ಒಂದು ಅವಧಿಯಲ್ಲಿ ಕಳುಹುತ್ತಾನೆ. ಸ್ಥಾನನಿರ್ದೇಶವೂ ಸ್ಥೂಲವಾದುದೇ, ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳೆಲ್ಲವೂ ‘ಎಂ.ಕೆ. 85’ ಎಂಬ ಒಂದೇ ಚೌಕದೊಳಗೆ ಅಡಗುವುವು.

ಇಂತಹ ಶ್ರವಣಕೇಂದ್ರವೊಂದನ್ನು ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಸ್ಥಾಪಿಸುವುದಾದರೆ ಎಂತಹ ಏರಿಯಲ್ಲನ್ನು ಕಟ್ಟತಕ್ಕದ್ದು? ಸಂಕೇತವನ್ನು ಬಲವಾಗಿ ಹಿಡಿಯುವುದೇ ಉತ್ತಮವೆಂದು ಸಾಮಾನ್ಯರ ಭಾವನೆ. 7 ಮೆಗಾಹರ್ಟ್ಸ್ ಮೊದಲಾದ ಕೆಳಗಣ ಆವೃತ್ತಿಗಳಲ್ಲಿ ಇದು ಸರಿಯಲ್ಲ. ಅಲ್ಲಿ ವಿಘ್ನವು ಯಂತ್ರದೊಳಗಿನದಲ್ಲ, ಆಕಾಶದ್ದು. ವೈಶಾಖ ಜ್ಯೇಷ್ಠಗಳಲ್ಲಿ ನೂರಾರು ಮೈಲಿಗಳಾಚೆಯ ಸಿಡಿಲಿನ ಸದ್ದೂ ಗ್ರಾಹಕವನ್ನು ತುಂಬುತ್ತದೆ. ಯಂತ್ರವು ಅಳೆಯುವುದು ಸಂಕೇತದ ಬಲವನ್ನಲ್ಲ, ಸಂಕೇತಕ್ಕೂ ಈ ಸದ್ದಿಗೂ ಇರುವ ಅನುಪಾತವನ್ನು. ಹೆರಾಲ್ಡ್ ಬೆವರೇಜರು 1921ರಲ್ಲಿ ಪೇಟೆಂಟ್ ಪಡೆದ ಏರಿಯಲ್ಲು ಇದಕ್ಕೆ ಒಳ್ಳೆಯ ದೃಷ್ಟಾಂತ. ಅದು ನೆಲದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಒಂದು ತರಂಗದುದ್ದಕ್ಕೆ ಕಡಮೆಯಾಗದಂತೆ, ಅಂದರೆ 7 ಮೆಗಾಹರ್ಟ್ಸಿನಲ್ಲಿ 42 ಮೀಟರಿಗೂ ಹೆಚ್ಚಾಗಿ, ಎಳೆದ ತಂತಿ. ಆಲಿಸಬೇಕಾದ ದಿಕ್ಕಿನ ಕೊನೆಯಲ್ಲಿ ಒಂದು ರೋಧಕವಿರುತ್ತದೆ. ಇದರಿಂದ ಸಂಕೇತವು 12 ಡೆಸಿಬೆಲ್ ಕುಗ್ಗಿ, ಉಳಿದ ದಿಕ್ಕುಗಳ ಸದ್ದು 18 ಡೆಸಿಬೆಲ್ ಕುಗ್ಗಿತೆಂದು ಇಟ್ಟುಕೊಂಡರೆ, ಲಾಭವು 6 ಡೆಸಿಬೆಲ್. ಒಣನೆಲವೂ ಇದಕ್ಕೆ ಅನುಕೂಲವೇ.

ದಿಕ್ಕನ್ನು ಭೂಪಟವನ್ನು ನೋಡಿ ನಿಶ್ಚಯಿಸಲಾಗದು. ಲಂಡನ್ನು ಬಂಡ್ರಿಗೆ ವಾಯವ್ಯದಲ್ಲಿದೆ, ಸರಿ. ಆದರೆ ನ್ಯೂಯಾರ್ಕಿನ ಹ್ರಸ್ವಮಾರ್ಗವು ಪಶ್ಚಿಮಕ್ಕಲ್ಲದೆ ಉತ್ತರದಿಂದ ಸುಮಾರು 25 ಅಂಶಗಳಷ್ಟು ಮಾತ್ರ ಪಶ್ಚಿಮಕ್ಕೆ ವಾಲಿರುತ್ತದೆ.

ಇಲ್ಲಿಯೇ ಒಂದು ದೋಷವು ಹುಟ್ಟುವುದು. ವಾಯವ್ಯಕ್ಕೆ ತಂತಿಯನ್ನೆಳೆದವನ ದಾಖಲೆಯಲ್ಲಿ ಆಸ್ಟ್ರೇಲಿಯದ ಕೇಂದ್ರಗಳು ವಿರಳವಾದರೆ, ಆಗ್ನೇಯಮಾರ್ಗವು ಮುಚ್ಚಿತ್ತೆಂದು ಹೇಳಬಹುದೆ? ಅನುಪಲಬ್ಧಿಯಿಂದ ಅಭಾವವು ಸಿದ್ಧಿಸಬೇಕಾದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕೆಂದು ನಮ್ಮ ಶಾಸ್ತ್ರಕಾರರು ನಿರ್ಣಯಿಸಿರುತ್ತಾರೆ. ಬೆಳಕಿರುವಾಗ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧಿಸದು. ದಿಗ್ವಿಶಿಷ್ಟವಾದ ಏರಿಯಲ್ಲಿಗೆ ಅದರ ಬೆನ್ನಹಿಂದಿನ ದಿಕ್ಕೆಲ್ಲವೂ ಕತ್ತಲೆಯೇ. ಕಿವಿಯಿಂದ ಆಲಿಸುವವನಿಗೆ ತನ್ನ ತಂತಿಯ ದಿಕ್ಕಿನ ನೆನಪಿರುತ್ತದೆ. ಯಂತ್ರದ ಪಟ್ಟಿಯನ್ನು ದೂರದಲ್ಲಿ ಕುಳಿತು ಓದುವವನಿಗೆ ಅದು ತಿಳಿಯದು.

ಎರಡು ಏರಿಯಲ್ಲುಗಳನ್ನು ಅವಧಿಗೊಂದರಂತೆ ಬದಲಿಸುವ ಉಪಾಯವೂ ಪೂರ್ಣವಲ್ಲ. ಪ್ರೇಷಕರು ಪ್ರತಿಯೊಂದು ಅವಧಿಯಲ್ಲಿಯೂ ಕಳುಹುವುದಿಲ್ಲವಾದ್ದರಿಂದ ಹೋಲಿಕೆಯು ಕೆಡುತ್ತದೆ. ಎಲ್ಲ ದಿಕ್ಕುಗಳಿಗೂ ಸಮವಾದ ನೆಟ್ಟನೆಯ ತಂತಿಯೊಂದಕ್ಕೆ ಬೇರೊಂದು ಗ್ರಾಹಕವನ್ನು ಜೋಡಿಸಿ, ಎರಡನ್ನೂ ಏಕಕಾಲದಲ್ಲಿ ನಡೆಯಿಸುವುದು ಯುಕ್ತ. ಪ್ರತಿಯೊಂದು ದಾಖಲೆಯ ಪಕ್ಕದಲ್ಲಿ ಏರಿಯಲ್ಲಿನ ಜಾತಿಯನ್ನೂ ದಿಕ್ಕನ್ನೂ ಬರೆದಿಡತಕ್ಕದ್ದು. ತಂತಿಯು ಗಾಳಿಗೆ ಹರಿದು ಬಿದ್ದ ದಿನವನ್ನು ಸಹ.