ಮಾಸಿದ ಹಸ್ತಪ್ರತಿಯ ಕಥೆ

ಕವಿ ಫ್ರಾನ್ಸಿಸ್ ಥಾಂಪ್ಸನ್ ಮತ್ತು ಸಂಪಾದಕ ವಿಲ್ಫ್ರಿಡ್ ಮೆನೆಲ್

ಪತ್ರಿಕೆಗೆ ಲೇಖನ ಕಳುಹಿಸಿದವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ಲಕೋಟೆಯನ್ನು ಅಂಚೆ ಪೆಟ್ಟಿಗೆಗೆ ಹಾಕಿದ ದಿನದಿಂದ ಉತ್ತರ ಬರುವ ದಿನದವರೆಗಿನ ಕಾಲ ಬಹಳ ದೀರ್ಘ. ಸ್ವೀಕೃತವಾದರೆ ಸಂತೋಷ, ತಿರಸ್ಕೃತವಾದರೆ ಒಂದೆರಡು ದಿನಗಳ ಬೇಸರ. ಆದರೆ ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ ಎಂಬ ಮೌನವನ್ನು ಸಹಿಸುವುದು ಮಾತ್ರ ಕಷ್ಟ. ಇತ್ತ ಸಂಪಾದಕನ ಪಾಡೂ ಸುಖದ್ದಲ್ಲ. ಮೇಜಿನ ಮೇಲೆ ಕಾಗದಗಳ ರಾಶಿ, ಮುದ್ರಣಾಲಯದ ಅವಸರ, ಹಣದ ಅಡಚಣೆ. ಈ ಗಡಿಬಿಡಿಯಲ್ಲಿ ಯಾವ ಲಕೋಟೆಯೊಳಗೆ ಏನಿದೆಯೆಂದು ಯಾರಿಗೆ ಗೊತ್ತು?

ಇಂಥ ಒಂದು ಮೌನ ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ 14 ತಿಂಗಳ ಕಾಲ ನಡೆದು ಒಬ್ಬ ಕವಿಯ ಪ್ರಾಣಕ್ಕೇ ಎರವಾಗುವುದರಲ್ಲಿತ್ತು. ಕವಿ ಫ್ರಾನ್ಸಿಸ್ ಥಾಂಪ್ಸನ್. ಸಂಪಾದಕ ವಿಲ್ಫ್ರಿಡ್ ಮೆನೆಲ್. ಪತ್ರಿಕೆ 'ಮೆರ್ರಿ ಇಂಗ್ಲೆಂಡ್' ಎಂಬ ಕಥೋಲಿಕ ಮಾಸಿಕ. ಇವರೊಳಗೆ ಮೊದಲಿಗೆ ನಡೆದ ಪತ್ರವ್ಯವಹಾರ ನಾಲ್ಕೈದು ಕಾಗದಗಳಿಗಿಂತ ಹೆಚ್ಚಿನದಲ್ಲ. ಆದರೆ ಪತ್ರಿಕೆ ಎಂಬುದು ಯಾತಕ್ಕಾಗಿ ಇರಬೇಕೆಂಬ ಪ್ರಶ್ನೆಗೆ ಅದರಲ್ಲಿ ಒಂದು ಉತ್ತರವಿದೆ.

ಗುರುವೂ ಆಗಲಿಲ್ಲ, ವೈದ್ಯನೂ ಆಗಲಿಲ್ಲ

ಥಾಂಪ್ಸನ್ ಹುಟ್ಟಿದ್ದು 1859ರ ಡಿಸೆಂಬರಿನಲ್ಲಿ, ಲ್ಯಾಂಕಶೈರ್ ಪ್ರಾಂತದ ಪ್ರೆಸ್ಟನ್ ಪಟ್ಟಣದಲ್ಲಿ. ತಂದೆ ಹೋಮಿಯೋಪತಿ ವೈದ್ಯ. ಮನೆತನ ಶ್ರದ್ಧಾವಂತ ಕಥೋಲಿಕರದು. ಹುಡುಗ ಧರ್ಮಗುರುವಾಗಲಿ ಎಂಬುದು ಹೆತ್ತವರ ಆಸೆ. ಅದಕ್ಕಾಗಿ 1870ರಲ್ಲಿ ಡರ್‌ಹಮ್ ಸಮೀಪದ ಅಷಾ ಕಾಲೇಜಿಗೆ ಸೇರಿಸಿದರು. ಏಳು ವರ್ಷಗಳ ಬಳಿಕ ಅಲ್ಲಿಯ ಹಿರಿಯರು, ಹುಡುಗ ಒಳ್ಳೆಯವನು, ಆದರೆ ಗುರುದೀಕ್ಷೆಗೆ ತಕ್ಕವನಲ್ಲ ಎಂದು ಮನೆಗೆ ಕಳುಹಿಸಿದರು. ಇನ್ನು ತಂದೆಯ ವೃತ್ತಿಯನ್ನಾದರೂ ಕಲಿಯಲಿ ಎಂದು ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿಗೆ ಸೇರಿಸಿದ್ದಾಯಿತು. ವೈದ್ಯಕೀಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋಲೇ ಗತಿಯಾಯಿತು. ಆತನ ಮನಸ್ಸು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿರಲಿಲ್ಲ; ಗ್ರಂಥಾಲಯದಲ್ಲಿಯೂ ಕ್ರಿಕೆಟ್ ಮೈದಾನದಲ್ಲಿಯೂ ಇತ್ತು.

ಇಷ್ಟರಲ್ಲಿ ಕಾಯಿಲೆಯೊಂದರ ನೆಪದಲ್ಲಿ ಲಾಡನಂ ಎಂಬ ಅಫೀಮಿನ ದ್ರಾವಣದ ಪರಿಚಯವಾಗಿ ಅದು ಚಟವಾಗಿ ಬೆಳೆಯಿತು. ಆ ಕಾಲದಲ್ಲಿ ಅದು ಯಾವ ಔಷಧದಂಗಡಿಯಲ್ಲಿಯೂ ಸುಲಭವಾಗಿ ಸಿಗುತ್ತಿದ್ದ ವಸ್ತು. 1880ರಲ್ಲಿ ತಾಯಿ ತೀರಿಕೊಂಡಳು. ತಂದೆಮಕ್ಕಳ ನಡುವೆ ಮಾತು ಕಡಿಮೆಯಾಯಿತು. 1885ರ ನವೆಂಬರಿನಲ್ಲಿ ಥಾಂಪ್ಸನ್ ಮನೆ ಬಿಟ್ಟು ಲಂಡನ್ನಿಗೆ ಹೊರಟನು. ಕೋಟಿನ ಜೇಬುಗಳಲ್ಲಿ ಎರಡು ಪುಸ್ತಕಗಳಿದ್ದುವು: ಒಂದು ಇಂಗ್ಲಿಷ್ ಕವಿ ಬ್ಲೇಕನದು, ಇನ್ನೊಂದು ಗ್ರೀಕ್ ನಾಟಕಕಾರ ಈಸ್ಕಿಲಸನದು.

ಲಂಡನ್ ಆತನನ್ನು ಕರೆದು ಮಣೆ ಹಾಕಲಿಲ್ಲ. ಬೆಂಕಿಪೆಟ್ಟಿಗೆ ಮಾರಿದನು, ಗಾಡಿಗಳ ಕುದುರೆ ಹಿಡಿದು ನಿಂತು ಒಂದೆರಡು ಪೆನ್ನಿ ಸಂಪಾದಿಸಿದನು. ಬರಬರುತ್ತ ರಾತ್ರಿ ಮಲಗುವುದು ಥೇಮ್ಸ್ ನದಿಯ ದಂಡೆಯಲ್ಲಿ ಎಂಬಂತಾಯಿತು. ಮ್ಯಾಕ್‌ಮಾಸ್ಟರ್ ಎಂಬ ಬೂಟಿನ ವ್ಯಾಪಾರಿಯೊಬ್ಬ ಬೀದಿಯಲ್ಲಿ ಆತನನ್ನು ಕಂಡು ಮರುಗಿ ತನ್ನ ಅಂಗಡಿಯಲ್ಲಿ ಕೆಲಸ ಕೊಟ್ಟನು. ಕೆಲಸ ಹೆಚ್ಚು ದಿನ ಉಳಿಯಲಿಲ್ಲ. ಆದರೆ ಆ ಕೆಲವು ತಿಂಗಳುಗಳಲ್ಲಿ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳ ಖಾಲಿ ಹಾಳೆಗಳ ಮೇಲೆ ಥಾಂಪ್ಸನ್ ಬರೆಯತೊಡಗಿದ್ದನು.

ಮೊದಲ ಕಾಗದ

1887ರ ಫೆಬ್ರವರಿ ಕೊನೆಯಲ್ಲಿ 'ಮೆರ್ರಿ ಇಂಗ್ಲೆಂಡ್' ಸಂಪಾದಕರ ಹೆಸರಿಗೆ ಒಂದು ಕಟ್ಟು ಬಂದಿತು. ಒಳಗೆ 'ಪೇಗನಿಸಂ ಓಲ್ಡ್ ಅಂಡ್ ನ್ಯೂ' ಎಂಬ ಗದ್ಯಪ್ರಬಂಧ, ಜತೆಗೆ ಕೆಲವು ಪದ್ಯಗಳು. ಗದ್ಯ ಒಪ್ಪಿಗೆಯಾಗದಿದ್ದರೆ ಪದ್ಯವಾದರೂ ಆದೀತು ಎಂಬುದು ಕಳುಹಿಸಿದವನ ಲೆಕ್ಕಾಚಾರ. ಹಾಳೆಗಳು ಕೊಳೆಯಾಗಿದ್ದುವು. ಅದಕ್ಕೆ ಕ್ಷಮೆ ಕೇಳುತ್ತ, ಇದು ತನ್ನ ಅಶಿಸ್ತಿನ ಫಲವಲ್ಲ, ಬರೆದ ಸ್ಥಳ ಮತ್ತು ಸನ್ನಿವೇಶಗಳು ವಿಚಿತ್ರವಾದುವು ಎಂದು ಥಾಂಪ್ಸನ್ ಬಿನ್ನವಿಸಿಕೊಂಡಿದ್ದನು. ಬಡತನದ ವರ್ಣನೆ ಇಲ್ಲ, ಹಣದ ಬೇಡಿಕೆ ಇಲ್ಲ. ಉತ್ತರಕ್ಕೆಂದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಇಟ್ಟಿದ್ದನು. ಹಸ್ತಪ್ರತಿಯನ್ನು ಹಿಂದಿರುಗಿಸುವ ಅಗತ್ಯವಿಲ್ಲ, ತಿರಸ್ಕಾರದ ಮಾತನ್ನು ಮಾತ್ರ ಚೇರಿಂಗ್ ಕ್ರಾಸ್ ಅಂಚೆ ಕಚೇರಿಗೆ ಬರೆಯಬೇಕು ಎಂಬುದು ಕೋರಿಕೆ. ಮನೆಯಿಲ್ಲದವನಿಗೆ ಅಂಚೆ ಕಚೇರಿಯೇ ವಿಳಾಸ.

ಅರ್ಧ ಷಿಲಿಂಗಿಗೂ ಗತಿಯಿಲ್ಲದವನು ಅಂಚೆಚೀಟಿಗೆ ದುಡ್ಡು ಹೊಂದಿಸಿದ್ದನೆಂದರೆ, ಆ ಲಕೋಟೆಯ ಮೇಲೆ ಎಷ್ಟು ಆಸೆಯಿತ್ತೆಂದು ಊಹಿಸಬಹುದು.

ಈ ಕಟ್ಟನ್ನು ಪಡೆದ ಮೆನೆಲ್ ಕಲ್ಲುಮನಸ್ಸಿನವನಲ್ಲ. 1852ರಲ್ಲಿ ಕ್ವೇಕರ್ ಪಂಥದ ಕುಟುಂಬದಲ್ಲಿ ಹುಟ್ಟಿ ಕಥೋಲಿಕ ಧರ್ಮ ಸ್ವೀಕರಿಸಿದವನು. ಪತ್ನಿ ಆಲಿಸ್ ಮೆನೆಲ್ ಸ್ವತಃ ಹೆಸರಾಂತ ಕವಯಿತ್ರಿ. ಕಾರ್ಡಿನಲ್ ಮ್ಯಾನಿಂಗ್ ವಹಿಸಿಕೊಟ್ಟ 'ವೀಕ್ಲಿ ರೆಜಿಸ್ಟರ್' ವಾರಪತ್ರಿಕೆಯನ್ನು 1881ರಿಂದ ನಡೆಸುತ್ತಿದ್ದುದಲ್ಲದೆ, 1883ರಲ್ಲಿ 'ಮೆರ್ರಿ ಇಂಗ್ಲೆಂಡ್' ಮಾಸಿಕವನ್ನೂ ಆರಂಭಿಸಿದ್ದನು. ದೊಡ್ಡ ಮಕ್ಕಳ ಸಂಸಾರ. ಗಂಡಹೆಂಡಿರಿಬ್ಬರೂ ಬರೆದೇ ಬದುಕಬೇಕು. ವಾರಪತ್ರಿಕೆಯ ಕೆಲಸಕ್ಕೆ ಮನೆಮಂದಿಯೆಲ್ಲ ಕೈಹಚ್ಚುವುದಿತ್ತು. ಈ ಗದ್ದಲದಲ್ಲಿ ಮಾಸಿದ ಕಟ್ಟು ಮೇಜಿನ ಖಾನೆಯೊಂದನ್ನು ಸೇರಿ ಆರು ತಿಂಗಳು ಅಲ್ಲೇ ಉಳಿಯಿತು.

ಥಾಂಪ್ಸನ್ ಮಾತ್ರ ಮತ್ತೆ ಬೀದಿಗೆ ಬಿದ್ದಿದ್ದನು. ಬೀದಿಯ ಬದುಕಿನವಳೇ ಆದ ಒಬ್ಬ ಹುಡುಗಿ ಆತನಿಗೆ ತನ್ನ ಕೋಣೆಯಲ್ಲಿ ಆಸರೆ ಕೊಟ್ಟು ತನ್ನ ಅನ್ನದಲ್ಲಿ ಪಾಲು ಕೊಟ್ಟಳು. ಅವಳ ಹೆಸರನ್ನು ಆತ ಯಾರಿಗೂ ತಿಳಿಸಲಿಲ್ಲ.

ಅಚ್ಚಾದ ಪದ್ಯವೇ ಕರೆಯೋಲೆ

ಆರು ತಿಂಗಳ ಬಳಿಕ ಮೆನೆಲ್ ಖಾನೆಯಿಂದ ಕಟ್ಟನ್ನು ತೆಗೆದು ಓದಿ ಬೆರಗಾದನು. ಪತ್ನಿಗೂ ಓದಲು ಕೊಟ್ಟನು. ಬರೆದವನು ಸಾಮಾನ್ಯನಲ್ಲವೆಂದು ಇಬ್ಬರಿಗೂ ಅನಿಸಿತು. ಕೂಡಲೇ ಚೇರಿಂಗ್ ಕ್ರಾಸಿಗೆ ಬರೆದ ಉತ್ತರ, ಪಡೆಯುವವರಿಲ್ಲದೆ ಹಿಂದಿರುಗಿ ಬಂದಿತು. ವಿಚಾರಿಸಿ ನೋಡಿದರೂ ಪತ್ತೆಯಿಲ್ಲ.

ಇಲ್ಲಿಗೆ ಎಷ್ಟೋ ಮಂದಿ ಸಂಪಾದಕರು ಕೈಬಿಡುತ್ತಿದ್ದರು. ಮೆನೆಲ್ ಹಾಗೆ ಮಾಡಲಿಲ್ಲ. ಆತನಿಗೆ ಉಳಿದಿದ್ದುದು ಒಂದೇ ಸಾಧನ: ತನ್ನ ಪತ್ರಿಕೆ. 1888ರ ಎಪ್ರಿಲ್ ಸಂಚಿಕೆಯಲ್ಲಿ ಥಾಂಪ್ಸನ್ನನ 'ದಿ ಪ್ಯಾಶನ್ ಆಫ್ ಮೇರಿ' ಎಂಬ ಪದ್ಯವನ್ನು ಅಚ್ಚು ಹಾಕಿದನು. ಕವಿ ಎಲ್ಲಿಯೇ ಇರಲಿ, ಆತನ ಅಥವಾ ಆತನನ್ನು ಬಲ್ಲವರ ಕಣ್ಣಿಗೆ ಇದು ಬಿದ್ದೀತು ಎಂಬ ನಂಬಿಕೆ. ಜಾಹೀರಾತು ಕೊಟ್ಟು ಕಾಣೆಯಾದವರನ್ನು ಹುಡುಕುವುದುಂಟು. ಕಾಣೆಯಾದವನದೇ ಪದ್ಯವನ್ನು ಅಚ್ಚುಹಾಕಿ ಆತನನ್ನು ಕರೆದುದು ಇದೊಂದು ಬಗೆ.

ಉಪಾಯ ಫಲಿಸಿತು. 1888ರ ಎಪ್ರಿಲ್ 14ರ ತಾರೀಕಿನಲ್ಲಿ ಥಾಂಪ್ಸನ್ ಬರೆದ ಕಾಗದ ಬಂದಿತು. ಅದು ಕೃತಜ್ಞತೆಯ ಪತ್ರವಲ್ಲ, ಆಕ್ಷೇಪಣೆಯದು. ಕಳೆದ ವರ್ಷ ಇಂಥ ಲೇಖನ, ಪದ್ಯಗಳನ್ನು ಕಳುಹಿಸಿದ್ದೆ. ಉತ್ತರಕ್ಕೆ ಲಕೋಟೆ ಇಟ್ಟಿದ್ದೆ. ಒಂದು ಮಾತೂ ಬರಲಿಲ್ಲ. ಈಗ ನನಗೆ ತಿಳಿಸದೆಯೇ ಪದ್ಯ ಅಚ್ಚಾಗಿದೆ. ಇದಕ್ಕೆ ಏನು ಹೇಳುತ್ತೀರಿ ಎಂಬ ಧಾಟಿ ಅದರದು. ಹೊಟ್ಟೆಗಿಲ್ಲದವನಾದರೂ ಲೇಖಕನ ಸ್ವಾಭಿಮಾನ ಬಿಟ್ಟಿರಲಿಲ್ಲ. ಮಾತು ಬಿಗಿಯಾಗಿತ್ತು, ಮರ್ಯಾದೆ ಮೀರಿರಲಿಲ್ಲ. ವಿಳಾಸ ಮಾತ್ರ ಬದಲಾಗಿತ್ತು: ಡ್ರೂರಿ ಲೇನಿನ ಒಂದು ಔಷಧದಂಗಡಿ.

ಮೆನೆಲ್ ವಿವರವಾಗಿ ಉತ್ತರ ಬರೆದು, ಕಚೇರಿಗೆ ಬರಬೇಕೆಂದು ಕರೆದನು. ಉತ್ತರ ಬರಲಿಲ್ಲ. ಆಗ ತಾನೇ ಆ ಅಂಗಡಿಗೆ ಹೋದನು. ಅಲ್ಲಿ ಕವಿಯ ಅಫೀಮಿನ ಬಾಬ್ತು ಬಾಕಿಯಿತ್ತು. ಅದನ್ನು ತೀರಿಸಿ, ಆತನನ್ನು ಕಂಡರೆ ತನ್ನಲ್ಲಿಗೆ ಕಳುಹಿಸಬೇಕೆಂದು ಹೇಳಿ ಬಂದನು.

ಮುಂದೆ ನಡೆದುದನ್ನು ಮೆನೆಲನ ಮಗ ಎವರಾರ್ಡ್, ತಾನು 1913ರಲ್ಲಿ ಪ್ರಕಟಿಸಿದ ಥಾಂಪ್ಸನ್ ಜೀವನಚರಿತ್ರೆಯಲ್ಲಿ ಹೇಳಿದ್ದಾನೆ. ಕೆಲವು ದಿನಗಳಾದ ಮೇಲೆ ಕಚೇರಿಯ ಬಾಗಿಲು ಅರ್ಧ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು, ಮುಚ್ಚಿತು. ಕೊನೆಗೆ ಒಳಗೆ ಬಂದವನ ಕೋಟಿನ ಒಳಗೆ ಅಂಗಿಯಿರಲಿಲ್ಲ. ಹರಕು ಬೂಟುಗಳೊಳಗೆ ಕಾಲುಚೀಲವಿರಲಿಲ್ಲ. ಇಷ್ಟೊಂದು ಓದಿದವನು ಎಂಬುದು ಬರೆಹದಿಂದ ಗೊತ್ತಾಗುತ್ತಿತ್ತೇ ಹೊರತು ವೇಷದಿಂದಲ್ಲ.

ಆಶ್ರಯ ಕೊಟ್ಟ ಆ ಹುಡುಗಿಯ ಸುದ್ದಿಯನ್ನೂ ಇಲ್ಲಿ ಹೇಳಬೇಕು. ಥಾಂಪ್ಸನ್ನನಿಗೆ ಗೌರವಸ್ಥರ ಬಳಗ ದೊರೆಯಿತೆಂದು ತಿಳಿದಾಗ, ತಮ್ಮ ಸ್ನೇಹವನ್ನು ಆ ಜನ ಅರ್ಥಮಾಡಿಕೊಳ್ಳಲಾರರು ಎಂದು ಅವಳು ಕೋಣೆ ಬಿಟ್ಟು ಹೋದಳು. ಆತ ಬಹಳ ಹುಡುಕಿದನು, ಸಿಗಲಿಲ್ಲ. ಕವಿಯನ್ನು ಉಳಿಸಿದವರು ಯಾರೆಂದು ಲೆಕ್ಕ ಹಾಕುವಾಗ ಸಂಪಾದಕನಿಗಿಂತ ಮೊದಲು ಈ ಅನಾಮಧೇಯಳ ಹೆಸರು ಬರಬೇಕು.

ಸಣ್ಣ ಪತ್ರಿಕೆ, ದೊಡ್ಡ ಕವಿತೆ

ಮೆನೆಲ್ ದಂಪತಿಗಳು ಥಾಂಪ್ಸನ್ನನಿಗೆ ವೈದ್ಯರ ಆರೈಕೆ ದೊರಕಿಸಿದರು. ಬಳಿಕ ಸಸೆಕ್ಸ್ ಪ್ರಾಂತದ ಸ್ಟಾರಿಂಗ್ಟನ್ ಎಂಬಲ್ಲಿನ ಸಂನ್ಯಾಸಿಮಠಕ್ಕೆ ಕಳುಹಿಸಿದರು. ಅಫೀಮು ಬಿಟ್ಟ ಯಾತನೆಯ ನಡುವೆಯೇ ಅಲ್ಲಿ ಕವಿತೆ ಹುಟ್ಟಿತು. ಆತನ ಹೆಸರನ್ನು ಉಳಿಸಿದ 'ದಿ ಹೌಂಡ್ ಆಫ್ ಹೆವನ್' 1890ರ ಜುಲೈ ತಿಂಗಳ 'ಮೆರ್ರಿ ಇಂಗ್ಲೆಂಡ್' ಸಂಚಿಕೆಯಲ್ಲಿ ಅಚ್ಚಾಯಿತು. ದೇವರಿಂದ ತಪ್ಪಿಸಿಕೊಂಡು ಓಡುವ ಜೀವ, ಬೇಟೆನಾಯಿಯಂತೆ ಬಿಡದೆ ಬೆನ್ನಟ್ಟುವ ದೇವರ ಪ್ರೀತಿ, ಇದು ಅದರ ವಸ್ತು. ಬೀದಿಬೀದಿಗಳಲ್ಲಿ ತಲೆಮರೆಸಿಕೊಂಡು, ಕೊನೆಗೆ ಹುಡುಕಿದವರ ಕೈಗೆ ಸಿಕ್ಕಿದ ಮನುಷ್ಯನೇ ಇದನ್ನು ಬರೆದನೆಂಬುದನ್ನು ಮರೆತು ಓದುವುದು ಸಾಧ್ಯವಿಲ್ಲ.

'ಮೆರ್ರಿ ಇಂಗ್ಲೆಂಡ್' 1895ರಲ್ಲಿ ನಿಂತುಹೋಯಿತು. ಅದು ಎಂದೂ ದೊಡ್ಡ ಪತ್ರಿಕೆಯಾಗಿರಲಿಲ್ಲ. ಆದರೂ ಅದರಲ್ಲಿ ಬಂದ ಥಾಂಪ್ಸನ್ನನ ಬರೆಹವನ್ನು ವೃದ್ಧ ಕವಿ ಬ್ರೌನಿಂಗ್ 1889ರಲ್ಲಿ ತನ್ನ ಕೊನೆಯ ದಿನಗಳಲ್ಲಿ ಓದಿ ಮೆಚ್ಚಿ ಮೆನೆಲನಿಗೆ ಕಾಗದ ಬರೆದಿದ್ದನು. ಪತ್ರಿಕೆಯ ಯೋಗ್ಯತೆಯನ್ನು ಚಂದಾದಾರರ ಸಂಖ್ಯೆಯೊಂದರಿಂದಲೇ ಅಳೆಯಬಾರದೆಂಬುದಕ್ಕೆ ಇದೂ ಒಂದು ನಿದರ್ಶನ.

ಹೆಚ್ಚು ಪ್ರತಿಷ್ಠಿತವಾದ ಪತ್ರಿಕೆಗಳು ಹೇಗೆ ನಡೆದುಕೊಂಡವು? 1889ರಲ್ಲಿ ಥಾಂಪ್ಸನ್ ಕವಿ ಶೆಲ್ಲಿಯ ಕುರಿತು ಬರೆದ ಪ್ರಬಂಧವನ್ನು 'ಡಬ್ಲಿನ್ ರಿವ್ಯೂ' ಎಂಬ ಕಥೋಲಿಕ ತ್ರೈಮಾಸಿಕ ನಿರಾಕರಿಸಿತು. ಕವಿ ಸತ್ತ ಮೇಲೆ, 1908ರಲ್ಲಿ, ಅದೇ ಪತ್ರಿಕೆ ಅದೇ ಪ್ರಬಂಧವನ್ನು ಪ್ರಕಟಿಸಿದಾಗ ಸಂಚಿಕೆ ಸಾಲದೆ ಎರಡನೆಯ ಬಾರಿ ಅಚ್ಚು ಹಾಕಬೇಕಾಯಿತು. ಪತ್ರಿಕೆಯ 72 ವರ್ಷಗಳ ಬಾಳಿನಲ್ಲಿ ಹಾಗಾದುದು ಅದೇ ಮೊದಲು.

ಇನ್ನೊಂದು ಉದಾಹರಣೆ ಮತ್ತೂ ಮನಸ್ಸಿಗೆ ನಾಟುವಂಥದು. 1875ರ ಡಿಸೆಂಬರಿನಲ್ಲಿ 'ಡಾಯ್ಚ್‌ಲಾಂಡ್' ಎಂಬ ಹಡಗು ಇಂಗ್ಲೆಂಡಿನ ತೀರದ ಬಳಿ ಒಡೆದು, ಜರ್ಮನಿಯಿಂದ ಗಡೀಪಾರಾಗಿದ್ದ ಐವರು ಧರ್ಮಭಗಿನಿಯರು ಜಲಸಮಾಧಿಯಾದರು. ಯೇಸು ಸಭೆಯ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಈ ದುರಂತದ ಮೇಲೆ 35 ಚರಣಗಳ ಕವಿತೆ ಬರೆದು ತನ್ನ ಸಭೆಯದೇ ಮಾಸಿಕವಾದ 'ದಿ ಮಂತ್'ಗೆ ಕಳುಹಿಸಿದನು. ಸಂಪಾದಕ ಫಾದರ್ ಕೋಲ್‌ರಿಜ್ ಆತನ ಸ್ನೇಹಿತ. ಮೊದಲು ಪ್ರಕಟಿಸುವ ಮಾತಿತ್ತು. ಈ ತಿಂಗಳು, ಮುಂದಿನ ತಿಂಗಳು ಎಂದಾಯಿತು. ಕವಿತೆಯ ಹೊಸ ಛಂದಸ್ಸು ಓದುಗರಿಗೆ ದಕ್ಕದೆಂಬ ಅಳುಕಿನಿಂದ ಕೊನೆಗೆ ಕೈಬಿಟ್ಟರು. 1878ರಲ್ಲಿ ಇನ್ನೊಂದು ಕವಿತೆಗೂ ಅದೇ ಗತಿಯಾಯಿತು. ಹಾಪ್ಕಿನ್ಸ್ 1889ರಲ್ಲಿ ತೀರಿಕೊಂಡಾಗ ಆತ ಕವಿಯೆಂಬುದು ಕೆಲವೇ ಗೆಳೆಯರಿಗೆ ತಿಳಿದಿತ್ತು. ಗೆಳೆಯ ರಾಬರ್ಟ್ ಬ್ರಿಜಸ್ ಆತನ ಕವಿತೆಗಳನ್ನು ಸಂಪಾದಿಸಿ ಪುಸ್ತಕವಾಗಿ ಹೊರತಂದದ್ದು 1918ರಲ್ಲಿ.

ಕೋಲ್‌ರಿಜ್ ಕೆಟ್ಟ ಸಂಪಾದಕನೆಂದು ಇದರ ಅರ್ಥವಲ್ಲ. ಆ ಕವಿತೆ ಅಂದಿನವರಿಗೆ ನಿಜಕ್ಕೂ ಕಠಿಣವಾಗಿತ್ತು. ಮೆನೆಲ್ ತಪ್ಪು ಮಾಡದ ಸಂಪಾದಕನೂ ಅಲ್ಲ. ಆರು ತಿಂಗಳು ಒಂದು ಲಕೋಟೆಯನ್ನು ಬಿಚ್ಚಿ ನೋಡದಿದ್ದುದು ಸಣ್ಣ ತಪ್ಪಲ್ಲ. ವ್ಯತ್ಯಾಸ ಇರುವುದು ತಪ್ಪಿನ ಅನಂತರದ ನಡತೆಯಲ್ಲಿ. ಮೆನೆಲ್ ಹಸ್ತಪ್ರತಿಯನ್ನು ಮೆಚ್ಚಿ ಸುಮ್ಮನಾಗಲಿಲ್ಲ. ಅದರ ಹಿಂದಿನ ಮನುಷ್ಯನನ್ನು ಹುಡುಕಿದನು. ಕಟುವಾದ ಕಾಗದ ಬಂದಾಗ ಸಿಟ್ಟಾಗಲಿಲ್ಲ; ಸ್ವತಃ ಎದ್ದು ಔಷಧದಂಗಡಿಗೆ ಹೋದನು.

ಥಾಂಪ್ಸನ್ ಮುಂದೆ 19 ವರ್ಷ ಬಾಳಿದನು. 1893, 1895, 1897ರಲ್ಲಿ ಮೂರು ಕವಿತಾಸಂಗ್ರಹಗಳು ಬಂದುವು. ಪತ್ರಿಕೆಗಳಿಗೆ ಬರೆದ ವಿಮರ್ಶೆಗಳಿಗೆ ಲೆಕ್ಕವಿಲ್ಲ. ಬಾಲ್ಯದ ಲ್ಯಾಂಕಶೈರ್ ಆಟಗಾರರನ್ನು ನೆನೆದು ಬರೆದ 'ಅಟ್ ಲಾರ್ಡ್ಸ್' ಪದ್ಯದಿಂದಾಗಿ ಕ್ರಿಕೆಟ್ ಪ್ರಿಯರಿಗೂ ಆತ ಪರಿಚಿತ. ಅಫೀಮು ಪೂರ್ತಿಯಾಗಿ ಬಿಡಲಿಲ್ಲ. ಕಾಯಿಲೆ ಬೆನ್ನು ಹತ್ತಿತು. 1907ರ ನವೆಂಬರ್ 13ರಂದು, 47ರ ವಯಸ್ಸಿನಲ್ಲಿ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಆತನ ಮರಣವಾಯಿತು. ಮೆನೆಲ್ 1948ರ ತನಕ ಬದುಕಿದ್ದು, ಗೆಳೆಯನ ಸಮಗ್ರ ಕೃತಿಗಳನ್ನು 1913ರಲ್ಲಿ ಮೂರು ಸಂಪುಟಗಳಾಗಿ ಹೊರತಂದನು.

ಮೆನೆಲ್ ಸ್ವತಃ ಬರೆದುದನ್ನು ಇಂದು ಓದುವವರು ವಿರಳ. ಆದರೆ ಅಂಚೆಯಲ್ಲಿ ಹಿಂದಿರುಗಿ ಬಂದ ಒಂದು ಕಾಗದವನ್ನು ಆತ ಅಲ್ಲಿಗೇ ಬಿಟ್ಟಿದ್ದರೆ, ಆ ಬಳಿಕದ ಕವಿತೆಗಳು ಯಾವುವೂ ಇರುತ್ತಿರಲಿಲ್ಲ. ದೊಡ್ಡ ಭಾಷೆಯ ದೊಡ್ಡ ಪತ್ರಿಕೆಗಳಿಗೆ ಲೇಖಕರ ಕೊರತೆಯಿಲ್ಲ. ಒಬ್ಬ ಹೋದರೆ ಹತ್ತು ಮಂದಿ ಬರುತ್ತಾರೆ. ಸಣ್ಣ ಬಳಗದ ಪತ್ರಿಕೆಗೆ ಆ ಅನುಕೂಲವಿಲ್ಲ. ಅಲ್ಲಿ ಬರುವ ಒಂದೊಂದು ಲಕೋಟೆಯನ್ನೂ, ಎಷ್ಟೇ ಮಾಸಿರಲಿ, ಬಿಚ್ಚಿ ಓದಿ ಎರಡು ಸಾಲಿನ ಉತ್ತರವನ್ನಾದರೂ ಬರೆಯಲೇ ಬೇಕು.