ಮೈಸೂರಿನ ಯೆಜ್ಡಿಗೆ ಬೊರಿವಲಿಯಲ್ಲಿ ಮರುಜೀವ: ಗಾಡಿ ಎದ್ದರೆ ಸಾಲದು, ಕಾಗದವೂ ಏಳಬೇಕು

ಬೊರಿವಲಿ: ಊರು ಬಿಟ್ಟು ಮುಂಬಯಿಗೆ ಬಂದ ಕನ್ನಡಿಗರಂತೆಯೇ ಮೈಸೂರಿನಿಂದ ಹೊರಟು ಈ ಮಹಾನಗರದ ರಸ್ತೆಗಳಲ್ಲಿ ದುಡಿದದ್ದು ಜಾವಾ ಮತ್ತು ಯೆಜ್ಡಿ ಮೋಟಾರು ಬೈಕುಗಳು. ರುಸ್ತುಂ ಇರಾನಿ ಹಾಗೂ ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ ಅಂದಿನ ಚೆಕೊಸ್ಲೊವಾಕಿಯಾದ ಪರವಾನಗಿಯೊಂದಿಗೆ 1961ರಲ್ಲಿ ಮೈಸೂರಿನಲ್ಲಿ ಉತ್ಪಾದನೆ ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿ ದುಡಿದ ಸಾವಿರಾರು ಕುಟುಂಬಗಳಿಗೆ ಅದು ಇಂದಿಗೂ ಮರೆಯದ ನೋವು.

ಆ ಬಳಿಕವೂ ಈ ಗಾಡಿಯನ್ನು ಜನ ಕೈಬಿಡಲಿಲ್ಲ. ಕಿಕ್ ಹೊಡೆಯುವ ಲಿವರೇ ಗೇರ್ ಬದಲಿಸುವ ಲಿವರ್ ಆಗುವ ಜಾಣತನ, 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರಿನ ಆ ಸದ್ದು ಹಿರಿಯರ ಕಿವಿಯಲ್ಲಿ ಈಗಲೂ ಇದೆ. ಅಮೆರಿಕದಲ್ಲಿ ಹಳೆಯ ಫೋರ್ಡ್ ಕಾರಿನ ಭಾರ ಇಳಿಸಿ, ಎಂಜಿನ್ ಬಲ ಹೆಚ್ಚಿಸಿದ್ದಕ್ಕೆ ಹಾಟ್ ರಾಡ್ ಎಂದು ಹೆಸರು. ನಮ್ಮಲ್ಲಿ ಅದೇ ಹುಚ್ಚು ಯೆಜ್ಡಿಯ ಮೇಲೆ ಹತ್ತಿತು. ಹೆಡ್ ಸವೆಸಿ ಒತ್ತಡ ಏರಿಸುವುದು, ಪೋರ್ಟ್ ಉಜ್ಜಿ ಅಗಲ ಮಾಡುವುದು, ದೊಡ್ಡ ಕಾರ್ಬ್ಯುರೇಟರ್ ಹಾಕುವುದು, ಮಡ್‌ಗಾರ್ಡ್ ಕತ್ತರಿಸುವುದು ಎಲ್ಲವೂ ನಡೆಯಿತು.

ಇಂತಹ ಗಾಡಿಯನ್ನು ಫ್ಲ್ಯಾಟಿನಲ್ಲಿದ್ದುಕೊಂಡು ಸಿದ್ಧಪಡಿಸುವುದು ಸುಲಭದ ಮಾತಲ್ಲ. ಬೊರಿವಲಿಯಂತಹ ಉಪನಗರದಲ್ಲಿ ಸೊಸೈಟಿಯ ಅಂಗಳದ ಮೂಲೆಯೇ ಕಾರ್ಖಾನೆ, ರವಿವಾರವೇ ಕೆಲಸದ ದಿನ. ನಾಲ್ಕು ತಿಂಗಳ ಮಳೆ, ಸಮುದ್ರದ ಉಪ್ಪು ಗಾಳಿ ಸೇರಿ ಪಾಲಿಶ್ ಮಾಡಿಟ್ಟ ಕಬ್ಬಿಣಕ್ಕೂ ತುಕ್ಕು ತರಿಸುತ್ತವೆ. ಬಿಡಿಭಾಗಕ್ಕೆ ಚೋರ್ ಬಜಾರ್ ಸುತ್ತಬೇಕು, ಬೆಂಗಳೂರಿನ ಜೆ.ಸಿ. ರಸ್ತೆಗೂ ಮೈಸೂರಿಗೂ ಫೋನು ಮಾಡಬೇಕು. ಇಷ್ಟೆಲ್ಲ ಮಾಡುತ್ತ ವರ್ಷಗಳು ಉರುಳುವುದು ಸಹಜ.

ಕೊನೆಯ ಹಂತದಲ್ಲೇ ಎಡವುವುದು ಹೆಚ್ಚು. ಕ್ರ್ಯಾಂಕಿನ ಸೀಲ್ ಹಳತಾಗಿದ್ದರೆ ಎಂಜಿನ್ನಿಗೆ ಹೊರಗಿನ ಗಾಳಿ ನುಗ್ಗಿ, ಪೆಟ್ರೋಲು-ಎಣ್ಣೆಯ ಮಿಶ್ರಣ ತೆಳುವಾಗಿ, ಹೊಸ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಲೀಟರ್ ಪೆಟ್ರೋಲಿಗೆ ಸುಮಾರು 30-40 ಮಿ.ಲೀ. ಎಣ್ಣೆ ಬೆರೆಸುವ ಲೆಕ್ಕ ತಪ್ಪಿದರೂ ಇದೇ ಗತಿ. ಬೋರ್ ಮಾಡಿಸಿದ ಎಂಜಿನ್ನನ್ನು ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೇ ಓಡಿಸಬೇಕು. ವರ್ಷಗಟ್ಟಲೆ ಕಾದವರು ಆ ಒಂದು ವಾರ ಕಾಯದೆ ಕೆಡಿಸಿಕೊಳ್ಳುತ್ತಾರೆ.

ಇನ್ನು ಕಾಗದದ ಮಾತು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಬಳಿಕ ಐದೈದು ವರ್ಷಕ್ಕೊಮ್ಮೆ ಫಾರ್ಮ್ 25ರಲ್ಲಿ ನವೀಕರಿಸಬೇಕು. ಮೈಸೂರಿನ ಕೊನೆಯ ಯೆಜ್ಡಿಗೂ ಆ ಗಡುವು ಎಂದೋ ದಾಟಿದೆ. ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ವಾರಸುದಾರನ ಹೆಸರಿಗೆ ಮಾಡಿಸಲು ಫಾರ್ಮ್ 31 ಬೇಕು. ಎಂಜಿನ್ ಬದಲಿಸಿದ್ದರೆ ಸಾರಿಗೆ ಇಲಾಖೆಯ ಅನುಮತಿ ಬೇಕು; ಆರ್‌ಸಿ ಪುಸ್ತಕದ ನಂಬರಿಗೂ ಎಂಜಿನ್ ಮೇಲಿನ ನಂಬರಿಗೂ ತಾಳೆಯಾಗದಿದ್ದರೆ ಇಡೀ ಶ್ರಮ ನೀರುಪಾಲು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮವೂ ಮೂಲರೂಪವನ್ನೇ ಕೇಳುತ್ತದೆ. ಅದರ ಹೊಸ ನೋಂದಣಿ ಶುಲ್ಕ ರೂ. 20,000 ಎಂದು ನಿಗದಿಯಾಯಿತು. ಆ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ.

ಹೀಗಾಗಿ ತಂದೆ ಯೌವನದಲ್ಲಿ ಆಸೆಯಿಂದ ಮಾರ್ಪಡಿಸಿದ ಗಾಡಿ ಕೈಗೆ ಬಂದಾಗ ಮಗನಿಗೆ ಇಕ್ಕಟ್ಟು. ಕಾರ್ಖಾನೆಯ ರೂಪಕ್ಕೆ ತಂದರೆ ಅಪ್ಪನ ಕೈಗುರುತು ಅಳಿಯುತ್ತದೆ, ಹಾಗೆಯೇ ಬಿಟ್ಟರೆ ಗಾಡಿ ರಸ್ತೆಗಿಳಿಯದು. ಕತ್ತರಿಸಿದ ಮಡ್‌ಗಾರ್ಡನ್ನು ಮನೆಯಲ್ಲಿ ಜೋಪಾನವಾಗಿಟ್ಟು, ಗಾಡಿಗೆ ಮೂಲದ್ದನ್ನು ಜೋಡಿಸುವುದೇ ವಿವೇಕದ ದಾರಿ.

ಜಾವಾ ಹೆಸರು 2018ರಲ್ಲಿ, ಯೆಜ್ಡಿ 2022ರಲ್ಲಿ ಮಾರುಕಟ್ಟೆಗೆ ಮರಳಿವೆ. ಅದರ ಹಿಂದಿರುವ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯ ಸಹಸ್ಥಾಪಕರಲ್ಲಿ ಮುಂಬಯಿಯ ಬಿಲ್ಡರ್, ರುಸ್ತುಂ ಇರಾನಿಯವರ ಪುತ್ರ ಬೊಮನ್ ಇರಾನಿ ಒಬ್ಬರು. ಹೊಸದು ಶೋರೂಮಿನಲ್ಲಿ ಸಿಗುತ್ತದೆ. ಆದರೆ ಮೈಸೂರಿನ ಕಾರ್ಮಿಕರ ಕೈಯಲ್ಲಿ ತಯಾರಾದದ್ದು ಇನ್ನು ಹೊಸದಾಗಿ ಹುಟ್ಟದು. ಸೊಸೈಟಿಯ ಮೂಲೆಯಲ್ಲಿ ಟಾರ್ಪಾಲಿನಡಿ ಅಂತಹ ಗಾಡಿ ಮಲಗಿದ್ದರೆ, ಗುಜರಿಗೆ ಕೊಡುವ ಮುನ್ನ ಒಮ್ಮೆ ಆರ್‌ಸಿ ಪುಸ್ತಕ ಹುಡುಕಿ ನೋಡುವುದು ಒಳಿತು.