ಮ್ಯಾಪಿಗೆ ಸಿಕ್ಕದ ಸಿಟಿ ಬಸ್ಸು

ಭದ್ರಾವತಿಯ ರಂಗಪ್ಪ ಸರ್ಕಲ್‌ನಲ್ಲಿ ನಿಂತವರು ಶಿವಮೊಗ್ಗಕ್ಕೆ ಹೋಗಲು ಮ್ಯಾಪ್ ತೆರೆಯುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪದ ಮೇಲೆ ಓಡಾಡುವ ಸಿಟಿ ಬಸ್ಸು ಯಾವಾಗ ಬರುತ್ತದೆಂಬುದು ದಿನಾ ಹೋಗಿ ಬರುವವರಿಗೆ ಬಾಯಿಪಾಠ. ಹೊಸಬರಾದರೆ ಕಂಡಕ್ಟರ್ ಕೂಗು ಕೇಳಿಸಿಕೊಂಡರೆ ಸಾಕು. ಇದೇ ಜನ ರಾತ್ರಿ ತಾಳಗುಪ್ಪ–ಮೈಸೂರು ರೈಲು ಹತ್ತಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದ ಕೂಡಲೇ ಜೇಬಿನಿಂದ ಫೋನ್ ಹೊರಗೆ ಬರುತ್ತದೆ.

ಮಗಳ ಮನೆ ವೈಟ್‌ಫೀಲ್ಡ್‌ನಲ್ಲಿದೆ ಎನ್ನಿ. ಗೂಗಲ್ ಮ್ಯಾಪ್‌ನಲ್ಲಿ ಊರು ಬರೆದು ಕಾರಿನ ಗುರುತು ಬಿಟ್ಟು ಬಸ್–ರೈಲಿನ ಗುರುತು ಒತ್ತಬೇಕು. ಯಶವಂತಪುರದಲ್ಲಿ ಇಳಿದವರಿಗೆ ಅದು ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ಎಂದು ದಾರಿ ಹೇಳುತ್ತದೆ. ಟಿಕೆಟ್‌ಗೆ ಸಾಲಿನಲ್ಲಿ ನಿಲ್ಲಬೇಕಿಲ್ಲ. 2022ರ ನವೆಂಬರ್‌ನಿಂದ ನಮ್ಮ ಮೆಟ್ರೋ ಟಿಕೆಟ್ಟು ವಾಟ್ಸಾಪ್‌ನಲ್ಲೇ ಸಿಗುತ್ತದೆ. ರೈಲು ತೀರಾ ಬೇಗ ತಲುಪಿದರೆ ಮಾತ್ರ ಮೆಟ್ರೋ ಬಾಗಿಲು ತೆರೆಯುವವರೆಗೆ ಚಹಾ ಕುಡಿಯುತ್ತಾ ಕಾಯಬೇಕಾದೀತು.

ಬಸ್ಸಿನ ವಿಷಯ ಸ್ವಲ್ಪ ತೊಡಕಿನದು. ಬೆಂಗಳೂರಿನಲ್ಲಿ ರಸ್ತೆಯ ಈ ಬದಿಯ ಸ್ಟಾಪಿಗೂ ಆ ಬದಿಯ ಸ್ಟಾಪಿಗೂ ಸಾಮಾನ್ಯವಾಗಿ ಒಂದೇ ಹೆಸರು. ಹೆಬ್ಬಾಳ–ಸಿಲ್ಕ್ ಬೋರ್ಡ್ ನಡುವಿನ 500-ಡಿ ನಂಬರು ನೋಡಿ ಧೈರ್ಯವಾಗಿ ಹತ್ತಿದವರು ಅರ್ಧ ಗಂಟೆಯ ನಂತರ ತಾವು ಉಲ್ಟಾ ಹೋಗುತ್ತಿರುವುದನ್ನು ಕಂಡುಕೊಳ್ಳುವುದುಂಟು. ಆದ್ದರಿಂದ ನಂಬರಿಗಿಂತ ಮೊದಲು ಮ್ಯಾಪ್‌ನಲ್ಲಿ ಕಾಣುವ ಚುಕ್ಕಿ ಸಾಲನ್ನು ನೋಡಬೇಕು. ನಡೆದು ಹೋಗಬೇಕಾದ ದಾರಿ ಅದು. ರಸ್ತೆ ದಾಟಬೇಕೋ ಬೇಡವೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಬಿಎಂಟಿಸಿ 2023ರಲ್ಲಿ ಹೊರತಂದ ‘ನಮ್ಮ ಬಿಎಂಟಿಸಿ’ ಆ್ಯಪ್ ಬಸ್ಸುಗಳಲ್ಲಿರುವ ಜಿಪಿಎಸ್ ಆಧರಿಸಿ ಬಸ್ಸು ಈಗ ಎಲ್ಲಿದೆ ಎಂದೂ ತೋರಿಸುತ್ತದೆ.

ಇಷ್ಟೆಲ್ಲ ಫೋನಿಗೆ ಹೇಳಿಕೊಟ್ಟವರು ಯಾರು? ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್‌ನಲ್ಲಿದ್ದ ಬಿಬಿಯಾನಾ ಮೆಕ್‌ಹ್ಯೂ ಅವರಿಗೆ ಕಾರಿನ ದಾರಿ ಅಷ್ಟು ಸುಲಭವಾಗಿ ಸಿಗುವಾಗ ಬಸ್ಸಿನ ದಾರಿ ಏಕಿಲ್ಲ ಎನಿಸಿತ್ತು. ಅವರು ಗೂಗಲ್ ಜೊತೆ ಮಾತಾಡಿದ್ದರಿಂದ 2005ರ ಕೊನೆಗೆ ಅಲ್ಲಿನ ಬಸ್ಸು, ರೈಲುಗಳ ದಾರಿ ಗೂಗಲ್‌ನಲ್ಲಿ ಸಿಗತೊಡಗಿತು. ಆಗ ರೂಪುಗೊಂಡದ್ದು ಜಿಟಿಎಫ್‌ಎಸ್ ಎಂಬ ಮಾದರಿ. ಹೆಸರು ಭಾರಿಯಾಗಿದ್ದರೂ ಒಳಗಿರುವುದು ಸಾದಾ ಪಟ್ಟಿಗಳು: ಸ್ಟಾಪು ಎಲ್ಲೆಲ್ಲಿ, ರೂಟು ಯಾವುದು, ಯಾವ ಬಸ್ಸು ಯಾವ ಸ್ಟಾಪಿಗೆ ಎಷ್ಟು ಗಂಟೆಗೆ. ಸಾರಿಗೆ ನಡೆಸುವವರು ಇದನ್ನು ಬರೆದುಕೊಟ್ಟರೆ ಮ್ಯಾಪ್ ಓದಿಕೊಳ್ಳುತ್ತದೆ. ಕೊಡದಿದ್ದರೆ ಎದುರಿಗೇ ಬಸ್ಸು ನಿಂತಿದ್ದರೂ ಅದಕ್ಕೆ ಕಾಣದು. ಕೊಚ್ಚಿ ಮೆಟ್ರೋ 2018ರಲ್ಲೇ ಇಂಥ ಮಾಹಿತಿಯನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿಟ್ಟಿತು.

ವಾಹನ ದಟ್ಟಣೆ ತೋರಿಸಲು ಮ್ಯಾಪ್ ರಸ್ತೆಯ ಮೇಲೆ ಎಳೆಯುವ ಕೆಂಪು, ಹಸಿರು ಗೆರೆಗಳ ಕತೆ ಬೇರೆ. ಅವು ಬರುವುದು ಆ ರಸ್ತೆಯಲ್ಲಿ ಸಾಗುತ್ತಿರುವವರ ಫೋನುಗಳಿಂದ. ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ 99 ಹಳೇ ಫೋನುಗಳನ್ನು ಕೈಗಾಡಿಯಲ್ಲಿ ತುಂಬಿ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಳೆದುಕೊಂಡು ಹೋದರು. ಮ್ಯಾಪ್‌ನಲ್ಲಿ ಆ ರಸ್ತೆ ಕೆಂಪಾಯಿತು. 2020ರಲ್ಲಿ ಇದು ಲೋಕಕ್ಕೆಲ್ಲ ಗೊತ್ತಾಯಿತು.

ಶಿವಮೊಗ್ಗದ ಒಳಗೆ ದಾರಿ ಹುಡುಕುವವರಿಗೆ ಕಷ್ಟ ಕೊಡುವುದು ಹೆಸರುಗಳು. ಫಲಕದಲ್ಲಿ ಟಿ. ಸೀನಪ್ಪ ಶೆಟ್ಟಿ ವೃತ್ತ, ಜನರ ಬಾಯಲ್ಲಿ ಗೋಪಿ ಸರ್ಕಲ್. ವಿನೋಬನಗರದಲ್ಲಿ ಪೊಲೀಸ್ ಚೌಕಿ ಎಂದರೆ ಆಟೋದವರು ಮುಂದೆ ಏನೂ ಕೇಳುವುದಿಲ್ಲ, ಅಡ್ಡರಸ್ತೆ ನಂಬರು ಹೇಳಿದರೆ ಮುಖ ನೋಡುತ್ತಾರೆ. ಮ್ಯಾಪ್‌ನಲ್ಲೂ ಬಳಕೆಯ ಹೆಸರನ್ನೇ ಹಾಕಿ ಹುಡುಕುವುದು ಜಾಣತನ.

ರೈಲಿಗಾದರೆ ‘ವೇರ್ ಈಸ್ ಮೈ ಟ್ರೇನ್’ ಇದೆ. ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್ ಮಾಡಿದ ಈ ಆ್ಯಪನ್ನು 2018ರಲ್ಲಿ ಗೂಗಲ್ ಕೊಂಡುಕೊಂಡಿತು. ರೈಲಿನಲ್ಲಿ ಕೂತವರ ಫೋನಿಗೆ ಸಿಗುವ ಟವರ್ ಸಿಗ್ನಲ್ಲಿನಿಂದಲೇ ಜಾಗ ಗುರುತಿಸುವುದರಿಂದ ಇಂಟರ್ನೆಟ್ ಇಲ್ಲದಿದ್ದರೂ ತರೀಕೆರೆ ದಾಟಿತೇ, ಭದ್ರಾವತಿ ಬಂತೇ ಎಂದು ತಿಳಿಯುತ್ತದೆ. ನಡುರಾತ್ರಿ ಇಳಿಯುವವರಿಗೆ ಇದಕ್ಕಿಂತ ಉಪಕಾರಿ ಆ್ಯಪ್ ಇಲ್ಲ.

ಹಾಗಾದರೆ ಭದ್ರಾವತಿ–ಶಿವಮೊಗ್ಗದ ನಡುವೆ ಓಡಾಡುವ ಆ ಖಾಸಗಿ ಸಿಟಿ ಬಸ್ಸುಗಳು ಮ್ಯಾಪಿಗೆ ಸಿಗಲು ಏನು ಅಡ್ಡಿ? ಬಿಎಂಟಿಸಿಯಂತೆ ಇಲ್ಲಿ ಒಬ್ಬನೇ ಯಜಮಾನನಿಲ್ಲ. ಮಾಲೀಕರು ಹಲವರು, ಎಲ್ಲರ ಪರವಾಗಿ ಪಟ್ಟಿ ಬರೆಯುವವರಿಲ್ಲ. ಆದರೆ ಸಮಯವೇ ಗೊತ್ತಿಲ್ಲ ಎನ್ನುವಂತಿಲ್ಲ. ಪರ್ಮಿಟ್ ಕೊಡುವಾಗಲೇ ಬಸ್ಸು ಎಲ್ಲಿಂದ ಎಷ್ಟು ಹೊತ್ತಿಗೆ ಬಿಡಬೇಕೆಂದು ಸಾರಿಗೆ ಪ್ರಾಧಿಕಾರ ಗೊತ್ತುಮಾಡಿರುತ್ತದೆ. ನಾಲ್ಕೈದು ನಿಮಿಷದ ಟೈಮಿಂಗ್‌ಗಾಗಿ ಬಸ್ಸಿನವರು ಸ್ಟ್ಯಾಂಡಿನಲ್ಲಿ ಜಗಳಾಡುವುದೂ ಇದೇ ಕಾರಣಕ್ಕೆ. ಅಂದರೆ ಮ್ಯಾಪಿಗೆ ಬೇಕಾದ ಪಟ್ಟಿಯ ಬಹುಪಾಲು ಆರ್‌ಟಿಒ ಕಡತದಲ್ಲಿ ಈಗಾಗಲೇ ಇದೆ.